ಹಸಿರು ಕಟ್ಟಡ: ಆರೋಗ್ಯಕರ ವಾಸಕ್ಕೊಂದು ಅಳತೆಗೋಲು

ದಿನಚರ್ಯೆ, ಋತುಚರ್ಯೆಗಳ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಆಹಾರ, ನಿದ್ರೆ, ವ್ಯಾಯಾಮಗಳನ್ನು ಕುರಿತು ಮಾತನಾಡುತ್ತೇವೆ. ಉಣ್ಣುವುದೂ ಮಲಗುವುದೂ ಒಂದು ಸೂರಿನ ಕೆಳಗೇ ನಡೆಯುತ್ತದೆ ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ಚರಕಾಚಾರ್ಯರು ಇದನ್ನು ಮರೆತಿರಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯವು ವಮನ, ವಿರೇಚನಗಳಿಗೆ ಮುನ್ನ ವೈದ್ಯನು ಸಿದ್ಧಪಡಿಸಿಕೊಳ್ಳಬೇಕಾದವುಗಳನ್ನು ಹೇಳುತ್ತದೆ. ಆ ಪಟ್ಟಿಯಲ್ಲಿ ಔಷಧಿಗಿಂತ ಮೊದಲು ಬರುವುದು ಮನೆ. ಆ ಮನೆ ದೃಢವಾಗಿರಬೇಕು. ಗಾಳಿ ನೇರವಾಗಿ ಮೈಮೇಲೆ ಬೀಸದಂತಿರಬೇಕು, ಆದರೆ ಒಂದು ಭಾಗದಲ್ಲಿ ಗಾಳಿಯ ಸಂಚಾರವಿರಬೇಕು. ಹೊಗೆ, ಬಿಸಿಲು, ನೀರು, ಧೂಳು ಒಳನುಗ್ಗಬಾರದು. ಅಹಿತವಾದ ಶಬ್ದವೂ ದುರ್ಗಂಧವೂ ತಟ್ಟಬಾರದು. ನೀರು, ಸ್ನಾನ, ಶೌಚ, ಅಡುಗೆಗಳಿಗೆ ತಕ್ಕ ಸ್ಥಳವಿರಬೇಕು. ಇದನ್ನು ವಾಸ್ತುವಿದ್ಯೆಯಲ್ಲಿ ಕುಶಲನಾದವನೇ ಸಿದ್ಧಪಡಿಸಬೇಕು ಎಂಬುದು ಆಚಾರ್ಯರ ಆಶಯ.

ಇಂದು ‘ಹಸಿರು ಕಟ್ಟಡ’ ಎಂಬ ಮಾತು ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತಿದೆ. ಅದು ಸಿರಿವಂತರ ಸಂಗತಿ, ದೊಡ್ಡ ಕಂಪನಿಗಳ ಶೋಭೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಹಸಿರು ಕಟ್ಟಡದ ಪರೀಕ್ಷಕರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಮೇಲೆ ಹೇಳಿದವೇ ಆಗಿವೆ. ಆದುದರಿಂದ ಆರೋಗ್ಯದ ದೃಷ್ಟಿಯಿಂದ ಈ ವಿಷಯವನ್ನು ಅರಿಯುವುದು ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ಅವಶ್ಯ.

ಹಸಿರು ಕಟ್ಟಡವೆಂದರೇನು?

ಗೋಡೆಗೆ ಹಸಿರು ಬಣ್ಣ ಬಳಿದ ಮಾತ್ರಕ್ಕೆ, ಬಾಲ್ಕನಿಯಲ್ಲಿ ನಾಲ್ಕು ಕುಂಡಗಳನ್ನಿಟ್ಟ ಮಾತ್ರಕ್ಕೆ ಕಟ್ಟಡ ಹಸಿರಾಗುವುದಿಲ್ಲ. ಕಟ್ಟುವಾಗಲೂ ಬಳಸುವಾಗಲೂ ಕಡಿಮೆ ನೀರು, ಕಡಿಮೆ ವಿದ್ಯುತ್ತು, ಕಡಿಮೆ ನೈಸರ್ಗಿಕ ಸಾಮಗ್ರಿಯನ್ನು ಬೇಡುವ, ಕಡಿಮೆ ತ್ಯಾಜ್ಯವನ್ನು ಹೊರಹಾಕುವ, ಒಳಗಿರುವವರಿಗೆ ಸ್ವಚ್ಛ ಗಾಳಿ ಬೆಳಕುಗಳನ್ನು ಕೊಡುವ ಕಟ್ಟಡವೇ ಹಸಿರು ಕಟ್ಟಡ. ನಮ್ಮ ದೇಶದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗ ಕಟ್ಟಡಗಳಿಗೇ ಹೋಗುತ್ತದೆ. ಆ ವಿದ್ಯುತ್ತಿನ ಬಹುಭಾಗ ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಚರಕರು ಜನಪದೋಧ್ವಂಸವನ್ನು ವಿವರಿಸುವಾಗ ವಾಯು, ಜಲ, ದೇಶ, ಕಾಲ ಎಂಬ ನಾಲ್ಕರ ವಿಕೃತಿಯಿಂದ ಊರಿಗೆ ಊರೇ ರೋಗಕ್ಕೆ ತುತ್ತಾಗುತ್ತದೆ ಎನ್ನುತ್ತಾರೆ. ನಾವು ಕಟ್ಟುವ ಮನೆ ಈ ನಾಲ್ಕನ್ನೂ ಮುಟ್ಟುತ್ತದೆ.

ಶ್ರೇಣೀಕರಣದ ಹಿನ್ನೆಲೆ

ಕಟ್ಟಡಗಳಿಗೆ ಅಂಕ ಕೊಟ್ಟು ಶ್ರೇಣಿ ನಿರ್ಧರಿಸುವ ಪದ್ಧತಿಯನ್ನು 1990ರಲ್ಲಿ ಬ್ರಿಟನ್ನಿನ ‘ಬ್ರೀಯಮ್’ ವ್ಯವಸ್ಥೆ ಆರಂಭಿಸಿತು. ಅಮೆರಿಕದ ಹಸಿರು ಕಟ್ಟಡ ಮಂಡಳಿ 1993ರಲ್ಲಿ ಸ್ಥಾಪನೆಗೊಂಡು ‘ಲೀಡ್’ ಎಂಬ ಪದ್ಧತಿಯನ್ನು ರೂಪಿಸಿತು. ಭಾರತದಲ್ಲಿ 2001ರಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟದ ಆಶ್ರಯದಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಹೈದರಾಬಾದಿನಲ್ಲಿ ಹುಟ್ಟಿಕೊಂಡಿತು. ಅಲ್ಲಿಯ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರದ ಕಟ್ಟಡಕ್ಕೆ 2003ರಲ್ಲಿ ಲೀಡ್ ಪ್ಲಾಟಿನಂ ಶ್ರೇಣಿ ಲಭಿಸಿತು. ಅಮೆರಿಕದ ಹೊರಗೆ ಆ ಶ್ರೇಣಿಯನ್ನು ಪಡೆದ ಮೊದಲ ಕಟ್ಟಡ ಅದು. ನಡುವಿನ ಅಂಗಳ, ಗಾಳಿಯನ್ನು ತಂಪುಗೊಳಿಸಿ ಒಳತರುವ ಎರಡು ಗಾಳಿಗೋಪುರಗಳು, ಮಾಳಿಗೆಯ ಮೇಲಣ ಹಸಿರು ಹೊದಿಕೆ ಅದರ ಲಕ್ಷಣಗಳು.

ನಮ್ಮ ದೇಶದ ಹವೆಗೆಂದೇ ಟೆರಿ ಸಂಸ್ಥೆಯೂ ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯವೂ ಸೇರಿ ರೂಪಿಸಿದ ‘ಗೃಹ’ ಎಂಬ ಪದ್ಧತಿ 2007ರಲ್ಲಿ ರಾಷ್ಟ್ರೀಯ ಶ್ರೇಣೀಕರಣವಾಗಿ ಅಂಗೀಕೃತವಾಯಿತು. ಇದರಲ್ಲಿ ಒಂದರಿಂದ ಐದು ನಕ್ಷತ್ರಗಳವರೆಗೆ ಶ್ರೇಣಿಯುಂಟು. ಚಿಕ್ಕ ಕಟ್ಟಡಗಳಿಗೆಂದು ‘ಸ್ವಗೃಹ’ ಎಂಬ ಸರಳ ರೂಪವೂ ಇದೆ. ಭಾರತೀಯ ಹಸಿರು ಕಟ್ಟಡ ಮಂಡಳಿಯಲ್ಲಿ ಪ್ರಮಾಣಿತ, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಹಂತಗಳಿವೆ. ಇವೆಲ್ಲ ಸ್ವಇಚ್ಛೆಯವು. ಇವುಗಳ ಜೊತೆಗೆ ವಾಸದ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ‘ಇಕೋ ನಿವಾಸ ಸಂಹಿತೆ’ ಎಂಬ ನಿಯಮಾವಳಿಯನ್ನು ಹೊರತಂದಿದೆ. ಹೆಸರುಗಳು ಬೇರೆಯಾದರೂ ಎಲ್ಲವೂ ಪರಿಶೀಲಿಸುವುದು ನಿವೇಶನ, ತಾಪ, ಗಾಳಿ, ನೀರು, ಸಾಮಗ್ರಿ, ತ್ಯಾಜ್ಯ ಇವುಗಳನ್ನೇ. ನಮ್ಮ ಆರೋಗ್ಯಕ್ಕೆ ಹತ್ತಿರವಾದವುಗಳನ್ನು ಒಂದೊಂದಾಗಿ ನೋಡೋಣ.

ತಾಪ

ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳುಗಳ ನಡುಹಗಲಿನಲ್ಲಿ ಸೂರ್ಯ ಸರಿಸುಮಾರು ನೆತ್ತಿಯ ಮೇಲೆಯೇ ಇರುತ್ತಾನೆ. ಆದುದರಿಂದ ಬೇಸಿಗೆಯಲ್ಲಿ ಮನೆಗೆ ಅತಿ ಹೆಚ್ಚು ತಾಪ ಬರುವುದು ಗೋಡೆಯಿಂದಲ್ಲ, ಛಾವಣಿಯಿಂದ. ಬೆಳಿಗ್ಗೆ ಪೂರ್ವದ ಗೋಡೆಯೂ ಸಂಜೆ ಪಶ್ಚಿಮದ ಗೋಡೆಯೂ ಓರೆ ಬಿಸಿಲನ್ನು ಹೀರುತ್ತವೆ. ಕಾಂಕ್ರೀಟಿನ ತಾರಸಿ ದಿನವಿಡೀ ಹೀರಿದ ಶಾಖವನ್ನು ರಾತ್ರಿ ಕೋಣೆಯೊಳಕ್ಕೆ ಬಿಡುತ್ತದೆ. ಹೊರಗೆ ತಂಪಾದರೂ ಒಳಗೆ ಸೆಕೆ ತಗ್ಗದಿರುವುದಕ್ಕೆ ಇದೇ ಕಾರಣ. ತಗಡಿನ ಮನೆಯವರ ಪಾಡು ಇನ್ನೂ ಕಠಿಣ. ತಗಡು ಕಾದೊಡನೆ ಒಳಗಿನವರೂ ಕಾಯುತ್ತಾರೆ. ಬೇಸಿಗೆಯಲ್ಲಿ ನಿದ್ರಾನಾಶ, ತಲೆಸುತ್ತು, ಉರಿಮೂತ್ರ, ಬೆವರುಸಾಲೆಗಳೆಂದು ಬರುವ ರೋಗಿಯನ್ನು ‘ನೀವು ಮಲಗುವ ಕೋಣೆಯ ಮೇಲೇನಿದೆ?’ ಎಂದು ಕೇಳುವುದು ನಾಡಿ ನೋಡುವಷ್ಟೇ ಮುಖ್ಯ. ಹಗಲಿನ ತಾಪದಿಂದ ಬಳಲಿದ ದೇಹಕ್ಕೆ ರಾತ್ರಿಯಾದರೂ ವಿಶ್ರಾಂತಿ ದೊರೆಯದಿದ್ದರೆ ವೃದ್ಧರು, ಹಸುಳೆಗಳು, ಗರ್ಭಿಣಿಯರು, ಹೃದ್ರೋಗಿಗಳು ಮೊದಲು ಕಷ್ಟಕ್ಕೀಡಾಗುತ್ತಾರೆ.

ಪರಿಹಾರ ದುಬಾರಿಯಲ್ಲ. ತಾರಸಿಗೆ ಬಿಳಿಯ ಸುಣ್ಣ ಅಥವಾ ಬಿಳಿಯ ಹೆಂಚುಬಿಲ್ಲೆ ಹಾಕಿದರೆ ಬಿಸಿಲಿನ ಬಹುಭಾಗ ಹಿಂದಕ್ಕೆ ಚಿಮ್ಮುತ್ತದೆ. ನೆರೆಯ ತೆಲಂಗಾಣವು 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಜಾರಿಗೆ ತಂದಿದೆ. ಪಶ್ಚಿಮಕ್ಕೆ ಮಲಗುವ ಕೋಣೆಯ ಬದಲು ಮೆಟ್ಟಿಲು, ಉಗ್ರಾಣ, ಬಚ್ಚಲುಮನೆಗಳನ್ನಿಟ್ಟರೆ ಅವೇ ತಡೆಗೋಡೆಯಾಗುತ್ತವೆ. ಕಿಟಕಿಯ ಮೇಲೆ ಅಗಲವಾದ ಸಜ್ಜ, ಪಶ್ಚಿಮದಲ್ಲೊಂದು ಹೊಂಗೆ ಅಥವಾ ಬೇವಿನ ಮರ ಇದ್ದರೆ ಇನ್ನೂ ಲೇಸು.

ಗಾಳಿ

ಇಕೋ ನಿವಾಸ ಸಂಹಿತೆಯಲ್ಲಿ ಮನೆಯ ಒಳವಿಸ್ತೀರ್ಣಕ್ಕೆ ತೆರೆಯಬಲ್ಲ ಕಿಟಕಿ ಬಾಗಿಲುಗಳು ಎಷ್ಟಿರಬೇಕೆಂಬ ಲೆಕ್ಕವಿದೆ. ಸಮಶೀತೋಷ್ಣ ಬೆಂಗಳೂರಿಗೆ ಶೇ. 12.5, ಸೆಕೆಯೂ ತೇವವೂ ಇರುವ ಮಂಗಳೂರಿಗೆ ಶೇ. 16.66, ಒಣ ಉಷ್ಣ ಪ್ರದೇಶಗಳಿಗೆ ಶೇ. 10. ಅಂದರೆ 600 ಚದರ ಅಡಿಯ ಮನೆಯಲ್ಲಿ ಬೆಂಗಳೂರಿನವರಿಗೆ 75, ಮಂಗಳೂರಿನವರಿಗೆ 100, ಒಣ ಸೀಮೆಯವರಿಗೆ 60 ಚದರ ಅಡಿ ಬೇಕು. ಬಿಸಿಗಾಳಿಯ ಸೀಮೆಗೆ ಕಡಿಮೆ ಏಕೆ? ಹಗಲಿನಲ್ಲಿ ಅಲ್ಲಿ ಗಾಳಿಯನ್ನು ತಡೆದು ರಾತ್ರಿ ಬರಗೊಡಬೇಕು. ಗಾಳಿ ತಾಕಬಾರದು, ಆದರೆ ಒಂದೆಡೆ ಆಡುತ್ತಿರಬೇಕು ಎಂಬ ಚರಕರ ವಿವೇಕಕ್ಕೆ ಇದು ಸಮೀಪವಾದುದು. ಇನ್ನೊಂದು ಸೂಕ್ಷ್ಮವೆಂದರೆ, ಜಾರುವ ಕಿಟಕಿಯ ಅರ್ಧಭಾಗ ಮಾತ್ರ ತೆರೆಯುವುದರಿಂದ ಲೆಕ್ಕಕ್ಕೆ ಅರ್ಧವನ್ನೇ ಹಿಡಿಯುತ್ತಾರೆ. ನಾಲ್ಕಡಿಗೆ ನಾಲ್ಕಡಿಯ ಅಂಥ ಕಿಟಕಿ 16 ಚದರ ಅಡಿಯಾಗಿ ಕಂಡರೂ ಗಾಳಿಗೆ ದೊರೆಯುವುದು ಎಂಟೇ ಅಡಿ. ದೊಡ್ಡ ನಿವೇಶನಗಳ ಕಟ್ಟಡಗಳಿಗೆಂದು ಮಾಡಿದ ನಿಯಮ ಇದಾದರೂ ಸಣ್ಣ ಮನೆಗೂ ಒಳ್ಳೆಯ ಅಳತೆ.

ಗಾಳಿಯಾಡದ ಕೋಣೆಯ ಗೋಡೆಯಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಶ್ವಾಸರೋಗಿಗಳಿಗೂ ಶೀತಪ್ರಕೃತಿಯ ಮಕ್ಕಳಿಗೂ ಇದು ಶತ್ರು. ಹೊಸ ಬಣ್ಣ, ಪ್ಲೈವುಡ್ಡಿನ ಅಂಟುಗಳಿಂದ ಹೊರಡುವ ಆವಿಗಳು ಕಣ್ಣುರಿ, ಗಂಟಲು ಕೆರೆತ, ತಲೆನೋವುಗಳನ್ನು ತರುತ್ತವೆ. ಹಸಿರು ಶ್ರೇಣೀಕರಣದಲ್ಲಿ ಇಂಥ ಆವಿ ಕಡಿಮೆಯಿರುವ ಬಣ್ಣಗಳಿಗೆ ಅಂಕವಿರುವುದು ಇದಕ್ಕಾಗಿಯೇ. ಗೃಹಪ್ರವೇಶಕ್ಕೆ ಆತುರಪಡದೆ, ಬಣ್ಣ ಬಳಿದ ಬಳಿಕ ಕೆಲವು ವಾರ ಕಿಟಕಿಗಳನ್ನು ತೆರೆದಿಡುವುದು ಹಿತಕರ.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡ ಈ ವಿಷಯದಲ್ಲಿ ಉತ್ತಮ ಪಾಠ. ವಾಸ್ತುಶಿಲ್ಪಿ ಸಂಜಯ ಮೋಹೆಯವರು ಅದನ್ನು ವಿನ್ಯಾಸಗೊಳಿಸಿದರು. ತಂಗಾಳಿ ದಕ್ಷಿಣದಿಂದ ಬರುತ್ತದೆ, ಆದರೆ ಆ ಕಡೆಯೇ ದುರ್ಗಂಧದ ಕಾಲುವೆ. ಕಿಟಕಿ ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಅವರು ದಕ್ಷಿಣವನ್ನು ಕಪ್ಪು ಕಲ್ಲಿನ ಹೊದಿಕೆಯ ಗೋಡೆಯಿಂದ ಮುಚ್ಚಿದರು. ಬಿಸಿಲಿಗೆ ಕಲ್ಲು ಕಾದಾಗ ಅದರ ಹಿಂದಿನ ಸಂದಿನಲ್ಲಿಯ ಗಾಳಿಯೂ ಕಾದು ಮೇಲೇರಿ ಹೊರಟುಹೋಗುತ್ತದೆ. ಆ ತೆರವನ್ನು ತುಂಬಲು ಉತ್ತರದ ತಂಪು ಗಾಳಿ ಕಟ್ಟಡದ ಮೂಲಕ ಹರಿದು ಬರುತ್ತದೆ. ದೋಷವುಳ್ಳ ನಿವೇಶನದಲ್ಲಿಯೂ ಯುಕ್ತಿಯಿಂದ ಸುಖವಾಸ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ನೀರು ಮತ್ತು ಸಾಮಗ್ರಿ

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯ ಊರಿನಲ್ಲಿ 100 ಚದರ ಮೀಟರ್ ತಾರಸಿಯಿಂದ 60,000 ಲೀಟರ್. ಐದನೆಯ ಒಂದು ಪಾಲು ನಷ್ಟವೆಂದರೂ 48,000 ಲೀಟರ್ ಉಳಿಯುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕದಂತೆ ನಾಲ್ವರ ಸಂಸಾರಕ್ಕೆ ಇದು ಸುಮಾರು ಮೂರು ತಿಂಗಳಿಗೆ ಸಾಕು. ಆದರೆ ಮೊದಲ ಮಳೆಯ ನೀರನ್ನು ಹೊರಬಿಡಬೇಕು, ಶೋಧಿಸಿ ತುಂಬಬೇಕು, ತೊಟ್ಟಿಯ ಬಾಯಿಯನ್ನು ಸೊಳ್ಳೆ ನುಸುಳದಂತೆ ಮುಚ್ಚಬೇಕು. ತೆರೆದ ತೊಟ್ಟಿ ಡೆಂಗಿಜ್ವರಕ್ಕೆ ಆಹ್ವಾನ.

ಸಾಮಗ್ರಿಯ ವಿಚಾರದಲ್ಲಿ ಕನ್ನಡಿಗರಿಗೆ ಹೆಮ್ಮೆಯ ಇತಿಹಾಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಹೊಗೆಯಿಲ್ಲದ ಅಸ್ತ್ರ ಒಲೆ ಬಂದಿತು; ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳ ಶ್ರಮದಿಂದ ಒತ್ತಿದ ಮಣ್ಣಿನ ಇಟ್ಟಿಗೆಯ ತಂತ್ರವೂ ಬೆಳೆಯಿತು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಗೊಳಿಸುವ ಈ ಇಟ್ಟಿಗೆಗೆ ಗೂಡಿನಲ್ಲಿ ಸುಡುವ ಅಗತ್ಯವಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7–8ರಷ್ಟು ಸಿಮೆಂಟಿನಿಂದಲೇ ಹೊಮ್ಮುತ್ತದೆ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹಾಗೆಂದು ಹಳೆಯದೆಲ್ಲವೂ ಆರೋಗ್ಯಕರವಾಗಿತ್ತು ಎನ್ನಲಾಗದು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳು ಬೇಸಿಗೆಯಲ್ಲಿ ತಂಪಾಗಿದ್ದವು, ಬೆಳಕಿಂಡಿಯಿಂದ ಬೆಳಕು ಬರುತ್ತಿತ್ತು. ಆದರೆ ಕಿಟಕಿಗಳು ಚಿಕ್ಕವು, ಅಡುಗೆಯ ಹೊಗೆ ಒಳಗೇ ಸುತ್ತುತ್ತಿತ್ತು, ದನಗಳ ಗೋದಲಿ ಮನೆಯೊಳಗೇ ಇರುತ್ತಿತ್ತು. ಗುಣವನ್ನು ಉಳಿಸಿಕೊಂಡು ದೋಷವನ್ನು ಕಳೆಯುವುದೇ ಜಾಣತನ.

ಪ್ರಮಾಣಪತ್ರದ ಮಿತಿ

ಶ್ರೇಣೀಕರಣಕ್ಕೆ ಮಿತಿಗಳೂ ಉಂಟು. ಕೆಲವೆಡೆ ನಕ್ಷೆಯ ಹಂತದಲ್ಲಿಯೇ ಪೂರ್ವಪ್ರಮಾಣಪತ್ರ ದೊರೆಯುತ್ತದೆ, ಜಾಹೀರಾತಿನಲ್ಲಿ ಅದೇ ಅಂತಿಮವೆಂಬಂತೆ ಮೆರೆಯುತ್ತದೆ. ನಕ್ಷೆಯನ್ನು ನೋಡಿ ಕೊಟ್ಟದ್ದೇ, ಕಟ್ಟಿದ ಮೇಲೆ ಕೊಟ್ಟದ್ದೇ ಎಂದು ಕೊಳ್ಳುವವರು ವಿಚಾರಿಸಬೇಕು. ‘ಗೃಹ’ ಶ್ರೇಣಿಗೆ ಐದು ವರ್ಷಗಳ ಅವಧಿಯಿದೆ, ಅನಂತರ ಮತ್ತೆ ಪರೀಕ್ಷೆಯಾಗಬೇಕು. ಇದು ಸರಿಯಾದ ಕ್ರಮ. ಒಮ್ಮೆ ಆರೋಗ್ಯವಂತನೆಂದ ಮಾತ್ರಕ್ಕೆ ಜೀವನಪರ್ಯಂತ ಆರೋಗ್ಯವಂತನೆಂದು ಯಾವ ವೈದ್ಯನೂ ಬರೆದುಕೊಡುವುದಿಲ್ಲ. ಶೀತದೇಶಗಳನ್ನು ಅನುಕರಿಸಿ ಪಶ್ಚಿಮಕ್ಕೆ ಗಾಜಿನ ಗೋಡೆಯೆಬ್ಬಿಸಿ, ಆ ಸೆಕೆಯನ್ನು ಉತ್ತಮ ದರ್ಜೆಯ ಹವಾನಿಯಂತ್ರಕದಿಂದ ಕಳೆಯುವುದು ಅಪಥ್ಯ ತಿಂದು ಮದ್ದು ನುಂಗಿದಂತೆ.

ಸಾಮಾನ್ಯ ಮನೆಗೆ ಪ್ರಮಾಣಪತ್ರವಿರದಿದ್ದರೂ ಚಿಂತೆಯಿಲ್ಲ, ಅದರ ಪ್ರಶ್ನೆಗಳನ್ನು ಎರವಲು ಪಡೆದರೆ ಸಾಕು. ಪಾಯ ತೋಡುವ ಮುನ್ನ ಎಂಜಿನಿಯರರನ್ನು ಹೀಗೆ ಕೇಳಬೇಕು:

1. ಮಲಗುವ ಕೋಣೆಗೆ ಪಶ್ಚಿಮದ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ?
2. ತಾರಸಿಯ ತಾಪಕ್ಕೆ ಏನು ತಡೆ?
3. ಪ್ರತಿ ಕೋಣೆಗೆ ಎರಡು ಬದಿಯಿಂದ ಗಾಳಿ ಬರುತ್ತದೆಯೇ? ಕಿಟಕಿ ಪೂರ್ತಿ ತೆರೆಯುತ್ತದೆಯೇ?
4. ಹಗಲಿನಲ್ಲಿ ದೀಪವಿಲ್ಲದೆ ಓದಬಹುದೇ?
5. ಅಡುಗೆಮನೆಯ ಹೊಗೆ, ಬಚ್ಚಲಿನ ತೇವ ಎಲ್ಲಿಂದ ಹೊರಹೋಗುತ್ತವೆ?
6. ಮಳೆನೀರು ಎಲ್ಲಿಗೆ, ಬಳಸಿದ ನೀರು ಎಲ್ಲಿಗೆ?
7. ನಿವೇಶನದಲ್ಲಿ ಉಳಿಯುವ ಮರಗಳೆಷ್ಟು?

ಈಗಾಗಲೇ ಕಟ್ಟಿದ ಮನೆಯವರು ತಾರಸಿಗೆ ಸುಣ್ಣ ಬಳಿಯಿಸಿ, ಪಶ್ಚಿಮಕ್ಕೆ ಬಿದಿರಿನ ತಟ್ಟಿ ಕಟ್ಟಿಸಿ, ಸಂಜೆಯ ನಂತರ ಎದುರುಬದಿರು ಕಿಟಕಿಗಳನ್ನು ಸೊಳ್ಳೆಪರದೆಯೊಡನೆ ತೆರೆದಿಟ್ಟರೆ ಬರುವ ಬೇಸಿಗೆಯಲ್ಲಿಯೇ ವ್ಯತ್ಯಾಸವನ್ನು ಕಾಣಬಹುದು. ಹಳೆಯ ಫ್ಯಾನು 75 ವ್ಯಾಟಿನಷ್ಟು ಬೇಡಿದರೆ ಹೊಸ ಬಗೆಯದು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ.

ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ, ಸಮುದಾಯ ಭವನಗಳನ್ನು ಕಟ್ಟಿಸುವ ಸಂಘ ಸಂಸ್ಥೆಗಳ ಹಿರಿಯರಲ್ಲಿ ವಿಶೇಷ ವಿನಂತಿ. ಒಂದು ಮನೆಯ ತಪ್ಪು ನಾಲ್ವರನ್ನು ಬಾಧಿಸುತ್ತದೆ. ವಿದ್ಯಾರ್ಥಿನಿಲಯದ ತಪ್ಪು ನೂರಾರು ಮಕ್ಕಳ ನಿದ್ರೆಯನ್ನು ದಶಕಗಳ ಕಾಲ ಕೆಡಿಸುತ್ತದೆ. ದಾನಿಗಳು ಕೋಣೆಗೊಂದು ಹೆಸರಿನ ಫಲಕವನ್ನು ಬಯಸುವುದು ಸಹಜ. ಅದರ ಜೊತೆಗೆ ಆ ಕೋಣೆಗೆ ತಕ್ಕಷ್ಟು ಕಿಟಕಿಯನ್ನೂ ಮೇಲೆ ತಂಪಾದ ಛಾವಣಿಯನ್ನೂ ಕೇಳಿದರೆ ದಾನ ಸಾರ್ಥಕವಾಗುತ್ತದೆ. ಔಷಧಿಯನ್ನು ಈ ವಾರ ಬದಲಾಯಿಸಬಹುದು, ಆಹಾರವನ್ನು ನಾಳೆಯೇ ತಿದ್ದಬಹುದು. ಗೋಡೆ ಎದ್ದ ಮೇಲೆ ಅದರ ದಿಕ್ಕನ್ನು ಬದಲಾಯಿಸಲಾಗದು. ಆದುದರಿಂದ ಯೋಚನೆ ನಕ್ಷೆಯ ಹಂತದಲ್ಲಿಯೇ ಆಗಲಿ.