ಒಂದು ವಾಹಿನಿಯೋ, ಎರಡೋ?

ನಮ್ಮ ಸಹಪಾಠಿಯೊಬ್ಬಳ ಅಜ್ಜಿ ಧಾರವಾಡದ ಕಡೆಯವರು. ಅವರು ಹೇಳುತ್ತಿದ್ದ ಕಥೆಗಳನ್ನು ನಾವು ಫೋನಿನಲ್ಲಿ ಮುದ್ರಿಸಿಕೊಂಡೆವು. ಬಳಿಕ ಸ್ಥಳ ಉಳಿಸುವ ಆಸೆಯಿಂದ ಅವುಗಳನ್ನು ಸೆಕೆಂಡಿಗೆ 32,000 ಬಿಟ್‌ಗಳ ಎಂ.ಪಿ.3 ಫೈಲುಗಳನ್ನಾಗಿ ಕುಗ್ಗಿಸಿ, ಎರಡು ವಾಹಿನಿಯೇ ಮೇಲೆಂದು ಬಗೆದು ಸ್ಟೀರಿಯೊ ಕ್ರಮವನ್ನು ಆರಿಸಿ, ಮೂಲವನ್ನು ಅಳಿಸಿಬಿಟ್ಟೆವು. ಕೇಳಿ ನೋಡಿದರೆ ಅಜ್ಜಿಯವರ ಮಾತು ನೀರಿನೊಳಗಿಂದ ಬಂದಂತಿದ್ದಿತು. ‘ಶ’, ‘ಸ’ಗಳ ಭೇದವೇ ತಿಳಿಯದು. ಅವರು ಈಗ ನಮ್ಮೊಡನಿಲ್ಲ. ಇಂತಹ ತಪ್ಪು ಇತರರಿಂದ ಆಗದಿರಲೆಂದು ಈ ವಿಷಯವನ್ನು ವಿವರಿಸಲೆಳಸಿರುವೆವು.

ಎಡಗಡೆಯ ಸದ್ದು ಎಡಗಿವಿಯನ್ನು ಕೊಂಚ ಮೊದಲು, ಕೊಂಚ ಗಟ್ಟಿಯಾಗಿ ಮುಟ್ಟುವುದು. ಈ ಅಂತರದಿಂದಲೇ ನಾವು ದಿಕ್ಕನ್ನು ಅರಿಯುತ್ತೇವೆ. ಧ್ವನಿಯನ್ನು ಎರಡು ವಾಹಿನಿಗಳಲ್ಲಿ ಮುದ್ರಿಸಿ ಈ ಅನುಭವವನ್ನು ಉಳಿಸುವುದೇ ಸ್ಟೀರಿಯೊ. ಇದಕ್ಕಾಗಿ ಇಂಗ್ಲೆಂಡಿನ ಇಂಜಿನಿಯರ್ ಆಲನ್ ಬ್ಲಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಒಂದೇ ವಾಹಿನಿಯುಳ್ಳುದು ಮೋನೊ.

ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿನ ಸ್ಟೀರಿಯೊ ಧ್ವನಿಗೆ ಸುಮಾರು 14 ಲಕ್ಷ ಬಿಟ್‌ಗಳು ಬೇಕು. ಎಂ.ಪಿ.3 ಕ್ರಮವು ಕಿವಿಗೆ ಗೋಚರಿಸದ ಅಂಶಗಳನ್ನು ಕೈಬಿಟ್ಟು, ಅದನ್ನು 1,28,000 ಬಿಟ್‌ಗಳಿಗೆ, ಎಂದರೆ ಹನ್ನೊಂದನೆಯ ಒಂದು ಭಾಗಕ್ಕೆ ಇಳಿಸಬಲ್ಲುದು. ಆದರೆ ಬಿಟ್‌ಗಳ ಮೊತ್ತ ನಿಗದಿಯಾದ ಮೇಲೆ ಅದನ್ನು ಎರಡು ವಾಹಿನಿಗಳಿಗೂ ಹಂಚಲೇಬೇಕು. ಒಂದೇ ಬುತ್ತಿಯನ್ನು ಇಬ್ಬರು ಉಂಡಂತೆ ಇಬ್ಬರಿಗೂ ಅರೆಹೊಟ್ಟೆ. ನಮ್ಮ ಮುದ್ರಿಕೆಗೆ ಆದುದು ಇದೇ. ಒಬ್ಬರೇ ಆಡಿದ ಮಾತು ಎರಡು ವಾಹಿನಿಗಳಲ್ಲಿಯೂ ಒಂದೇ ಆಗಿದ್ದಿತು. ಅದನ್ನು ಎರಡು ಬಾರಿ ಬರೆದು ಬಿಟ್‌ಗಳನ್ನು ವ್ಯರ್ಥಗೊಳಿಸಿದೆವು.

ಇವೆರಡರ ನಡುವೆ ಜಾಯಿಂಟ್ ಸ್ಟೀರಿಯೊ ಎಂಬ ಮೂರನೆಯ ಕ್ರಮವುಂಟು. ಇದರಲ್ಲಿ ಎಡ, ಬಲಗಳಿಗೆ ಬದಲಾಗಿ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಬರೆಯಬಹುದು. ಗಾಯಕರ ಧ್ವನಿ ನಡುವಿನಿಂದಲೇ ಕೇಳಿಬರುವ ಹಾಡಿನಲ್ಲಿ ವ್ಯತ್ಯಾಸವು ಅಲ್ಪವಾದುದರಿಂದ ಅದಕ್ಕೆ ಕೆಲವೇ ಬಿಟ್‌ಗಳು ಸಾಕು. ಉಳಿದವು ಮೊತ್ತದ ಪಾಲಾಗುವುವು.

ಆದುದರಿಂದ ಒಬ್ಬರ ಮಾತಿಗೆ, ಕಥೆಗೆ, ಪಾಠಕ್ಕೆ ಮೋನೊ ಲೇಸು. ಸೆಕೆಂಡಿಗೆ 64,000 ಬಿಟ್‌ಗಳಂತೆ ಒಂದು ಗಂಟೆಯ ಮಾತು ಸುಮಾರು 29 ಮೆಗಾಬೈಟ್‌ಗಳಲ್ಲಿ ಅಡಗುವುದು. ವಾದ್ಯವೃಂದಕ್ಕೂ ಕಛೇರಿಗೂ 1,28,000 ಬಿಟ್‌ಗಳಿಗೆ ಕಡಿಮೆಯಿಲ್ಲದ ಜಾಯಿಂಟ್ ಸ್ಟೀರಿಯೊ ತಕ್ಕುದು. ಎರಡು ವಾಹಿನಿಗಳನ್ನು ಬೆರೆಸಿ ಒಂದಾಗಿಸಿದ ಮೇಲೆ ಅವನ್ನು ಮೊದಲಿನಂತೆ ಬೇರ್ಪಡಿಸಲಾಗದು. ಕುಗ್ಗಿಸುವಾಗ ಬಿಟ್ಟುಹೋದ ಅಂಶವೂ ಮರಳದು. ಮೂಲವನ್ನು ಎಂದಿಗೂ ಅಳಿಸಬಾರದು.

ಈ ದೂರದ ನಗರದಲ್ಲಿ ಊರಿನ ಕನ್ನಡವನ್ನು ನಾವು ಕೇಳುವುದು ಹಿರಿಯರ ಬಾಯಿಂದಲೇ. ಅದನ್ನು ಮುದ್ರಿಸಿಕೊಳ್ಳೋಣ, ಆದರೆ ಅರಿತು ಮುದ್ರಿಸಿಕೊಳ್ಳೋಣ.