ನಂಜನಗೂಡು ತಿರುಮಲಾಂಬಾ: ಓದಿನಿಂದ ಬರಹಕ್ಕೆ

ತಗಡೂರಿನ ನಮ್ಮ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನವರೇ ಆದ ತಿರುಮಲಾಂಬಾ ಅವರನ್ನು ಅರಿತಿರುವುದು ಉಚಿತ. 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಅವರಿಗೆ ಬಾಲ್ಯವಿವಾಹವಾಗಿ, 14ನೆಯ ವಯಸ್ಸಿನಲ್ಲಿಯೇ ವೈಧವ್ಯ ಪ್ರಾಪ್ತವಾಯಿತು. ಅಂದಿನ ಕಟ್ಟಳೆಯಂತೆ ಅಂಥವರಿಗೆ ಉಳಿಯುತ್ತಿದ್ದುದು ಅಡುಗೆಮನೆಯ ಮೂಲೆಯೊಂದೇ. ವಕೀಲರಾಗಿದ್ದ ತಂದೆಯವರಾದರೋ ಮಗಳ ಕೈಗೆ ಪುಸ್ತಕವನ್ನಿತ್ತರು. ಮೊದಲು ಸಾಂತ್ವನವಾಗಿದ್ದ ಓದು ಕ್ರಮೇಣ ವಿದ್ಯೆಯಾಯಿತು, ವಿದ್ಯೆ ಬರಹವಾಯಿತು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು.

ತಾವೊಬ್ಬರೇ ಬರೆದರೆ ಸಾಲದೆಂದು ಬಗೆದು ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಇತರ ಸ್ತ್ರೀಯರ ಲೇಖನಗಳಿಗೂ ಎಡೆಗೊಟ್ಟರು. ಪತ್ರಿಕೆ ನಡೆಸುವುದೆಂದರೆ ಪರರ ಹಸ್ತಪ್ರತಿಯನ್ನು ತಾಳ್ಮೆಯಿಂದ ಓದುವುದೇ ಅಲ್ಲವೆ? ವಾಕ್ಯ ಎಲ್ಲಿ ಕುಂಟಿತು, ಎಲ್ಲಿ ಮಾತು ಮಿತಿಮೀರಿತು ಎಂಬುದು ಬಹಳ ಓದಿದವರ ಕಿವಿಗೆ ಮಾತ್ರ ತಿಳಿಯುತ್ತದೆ. ಕಾಗುಣಿತವನ್ನು ತಿದ್ದಲು ಯಾರಾದರೂ ಸಿಕ್ಕಾರು. ಅಂಜುತ್ತ ಬರೆದ ಕೈಗೆ ಧೈರ್ಯವಿತ್ತು ಮತ್ತೊಮ್ಮೆ ಬರೆಯಿಸುವವರು ವಿರಳ.

ಇಷ್ಟು ಮಾಡಿದವರನ್ನು ಕನ್ನಡ ನಾಡು ಬಹುಕಾಲ ಮರೆತೇ ಬಿಟ್ಟಿತ್ತೆಂಬುದು ನಾಚಿಕೆಯ ಸಂಗತಿ. ಲೇಖನಿಯನ್ನು ಕೆಳಗಿಟ್ಟು, ದೀರ್ಘಕಾಲ ಮೌನವಾಗಿದ್ದು, ತಿರುಮಲಾಂಬಾ ಅವರು 1982ರಲ್ಲಿ ಮದರಾಸಿನಲ್ಲಿ ತೀರಿಕೊಂಡರು.