ತಲೆಹೊಟ್ಟು: ಎಣ್ಣೆಯೊಂದೇ ಮದ್ದಲ್ಲ

ಸ್ನಾನ ಮುಗಿಸಿ, ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು ಸದ್ಭಕ್ತರ ಮನೆಗಳಲ್ಲಿ ನಿತ್ಯ ನಿಯಮ. ದೇಹಶುಚಿಗೆ ಇಷ್ಟು ಮಹತ್ವವಿರುವ ಮನೆಗಳಲ್ಲಿಯೂ ತಲೆಹೊಟ್ಟು ಸಾಮಾನ್ಯವಾಗಿ ಕಂಡುಬರುತ್ತದೆ. ಅದು ಕೊಳಕಿನ ಗುರುತಲ್ಲ, ಅಂಟುರೋಗವೂ ಅಲ್ಲ, ನಾಚಿಕೊಳ್ಳಬೇಕಾಗಿಲ್ಲ. ಆದರೆ ‘ತಲೆ ಒಣಗಿದೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ’ ಎಂದು ನಂಬಿ ವರ್ಷಗಟ್ಟಲೆ ಹೊಟ್ಟನ್ನು ಬೆಳೆಸಿಕೊಳ್ಳುವವರು ಬಹಳ ಮಂದಿ.

ಕಾರಣವೇನು?

ಸುಶ್ರುತಸಂಹಿತೆಯು ಇದನ್ನು ‘ದಾರುಣಕ’ ಎಂದು ಕರೆದು ಕ್ಷುದ್ರರೋಗಗಳಲ್ಲಿ ಸೇರಿಸಿದೆ. ತಲೆಯ ಚರ್ಮ ಬಿರುಸಾಗಿ, ಒಣಗಿ, ತುರಿಕೆಯೊಡನೆ ಬಿರಿಯುವುದು ಅದರ ಲಕ್ಷಣ. ಕಫ ಮತ್ತು ವಾತಗಳ ಪ್ರಕೋಪ ಅದರ ಕಾರಣ. ಕೇವಲ ವಾತದೋಷವಾಗಿದ್ದರೆ ಎಣ್ಣೆಯೇ ಸಾಕಾಗುತ್ತಿತ್ತು. ಕಫವೂ ಸೇರಿರುವುದರಿಂದ ಜಿಡ್ಡು ತೆಗೆಯುವ ಕ್ರಮವೂ ಅಗತ್ಯ.

ಆಧುನಿಕ ವೈದ್ಯಶಾಸ್ತ್ರದ ವಿವರಣೆಯೂ ಇದಕ್ಕೆ ಸಮೀಪವಾಗಿದೆ. ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಎಲ್ಲರ ತಲೆಯ ಮೇಲೂ ಇದ್ದು, ಚರ್ಮದ ಜಿಡ್ಡನ್ನೇ ಆಹಾರವಾಗಿಸಿಕೊಂಡಿರುತ್ತದೆ. ಅದು ಜಿಡ್ಡನ್ನು ವಿಭಜಿಸಿದಾಗ ಉಳಿಯುವ ಕೊಬ್ಬಿನಾಮ್ಲಗಳು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಚರ್ಮದ ಪದರ ಬೇಗ ಬೇಗ ಉದುರತೊಡಗುತ್ತದೆ. ಹದಿಹರೆಯದಲ್ಲಿ ಜಿಡ್ಡಿನ ಗ್ರಂಥಿಗಳು ಚುರುಕಾದಾಗ ಹೊಟ್ಟು ಆರಂಭವಾಗುವುದು ಇದರಿಂದಲೇ. ನಾವು ಹಚ್ಚುವ ಎಣ್ಣೆಯೂ ಈ ಶಿಲೀಂಧ್ರಕ್ಕೆ ಆಹಾರವಾಗಬಲ್ಲದು.

ಹಾಗಾದರೆ ಶಿರೋಭ್ಯಂಗ ತಪ್ಪೇ? ಅಲ್ಲ. ಚರಕಾಚಾರ್ಯರು ನಿತ್ಯ ತಲೆಗೆ ಎಣ್ಣೆ ಹಚ್ಚುವುದನ್ನು ಕೊಂಡಾಡಿರುವುದು ಸ್ವಸ್ಥರ ದಿನಚರಿಯ ಭಾಗವಾಗಿ. ಕಫಪೀಡಿತರಿಗೆ ಅಭ್ಯಂಗ ವರ್ಜ್ಯವೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ನಿತ್ಯ ಪಾಲನೆ

1. ಹೊಟ್ಟು ಜಿಡ್ಡಾಗಿ, ಹಳದಿ ಬಣ್ಣದಿಂದ ಅಂಟಿಕೊಂಡಿದ್ದರೆ ಅದು ಹತೋಟಿಗೆ ಬರುವವರೆಗೆ ಎಣ್ಣೆ ನಿಲ್ಲಿಸಿರಿ. ಉಳಿದವರು ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಿರಿ, ರಾತ್ರಿಯಿಡೀ ಬಿಡಬೇಡಿರಿ.

2. ವಾರಕ್ಕೆ ಎರಡು ಮೂರು ಬಾರಿ ಸೀಗೆಕಾಯಿ, ಅಂಟುವಾಳ ಅಥವಾ ಸೌಮ್ಯ ಶಾಂಪೂವಿನಿಂದ ತಲೆ ತೊಳೆಯಿರಿ. ಪುಡಿ ಕಣ್ಣಿಗೆ ಬೀಳದಿರಲಿ.

3. ತಲೆಗೆ ಬಿಸಿನೀರು ಸುರಿದರೆ ಕೂದಲಿಗೂ ಕಣ್ಣಿಗೂ ಹಾನಿಯೆಂಬುದು ವಾಗ್ಭಟರ ಎಚ್ಚರಿಕೆ. ಉಗುರುಬೆಚ್ಚಗಿನ ನೀರು ಸಾಕು.

4. ಪೂಜೆಯ ಅವಸರದಲ್ಲಿ ತಾಯಂದಿರು ಒದ್ದೆ ಕೂದಲನ್ನೇ ಗಂಟು ಕಟ್ಟಬಾರದು, ಬುಡ ಆರಲಿ.

5. ಉಗುರಿನಿಂದ ಕೆರೆಯಬೇಡಿರಿ. ಕೆರೆದ ಗಾಯದ ಮೇಲೆ ನಿಂಬೆರಸ ತಿಕ್ಕಿದರೆ ಉರಿ ಹೆಚ್ಚುತ್ತದೆ.

ಇಷ್ಟರಿಂದ ಗುಣ ಕಾಣದಿದ್ದರೆ ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಬಾರಿ, 3ರಿಂದ 5 ನಿಮಿಷ ತಲೆಯಲ್ಲಿ ಬಿಟ್ಟು ತೊಳೆಯುವಂತೆ, 2ರಿಂದ 4 ವಾರ ಬಳಸಬಹುದು. ಆಯುರ್ವೇದ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಗರ್ಭಿಣಿಯರೂ ಬಾಣಂತಿಯರೂ ವೈದ್ಯರನ್ನು ಕೇಳಿಯೇ ಬಳಸಬೇಕು.

ಹೊಟ್ಟಿನಂತೆ ಕಂಡರೂ ಹೊಟ್ಟಲ್ಲದವು

ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟು ಕಂಡರೆ ಅದು ಹುಳುಕಡ್ಡಿ ಇರಬಹುದು. ಅದು ಹರಡುತ್ತದೆ, ಹೊಟ್ಟೆಗೆ ಔಷಧಿ ಬೇಕೇ ಬೇಕು. ಎಣ್ಣೆ ಹಚ್ಚುತ್ತಾ ಕಾಲ ಕಳೆದರೆ ಆ ಜಾಗದಲ್ಲಿ ಕೂದಲು ಶಾಶ್ವತವಾಗಿ ಹೋಗುವ ಅಪಾಯವುಂಟು. ಬೆಳ್ಳಿಯಂತಹ ದಪ್ಪ ಪದರಗಳು ಹಣೆಯಂಚಿಗೂ ಮೊಣಕೈ, ಮೊಣಕಾಲಿಗೂ ಹಬ್ಬಿದ್ದರೆ ಅದು ಸೋರಿಯಾಸಿಸ್ ಇರಬಹುದು. ಕೊಡವಿದರೂ ಉದುರದೆ ಕೂದಲಿಗೆ ಅಂಟಿದ ಬಿಳಿ ಕಣಗಳು ಹೇನಿನ ಸೀರುಗಳು. ಕೀವು, ನೋವು ಇದ್ದರಂತೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಹೊಟ್ಟು ಮರುಕಳಿಸುವ ಸ್ವಭಾವದ್ದು. ನಿದ್ದೆಗೇಡು, ಮಾನಸಿಕ ಒತ್ತಡ ಮತ್ತು ಚಳಿಗಾಲದಲ್ಲಿ ಅದು ಹೆಚ್ಚುತ್ತದೆ. ಒಮ್ಮೆಗೇ ನಿರ್ಮೂಲ ಮಾಡುವೆವೆಂಬ ಜಾಹೀರಾತುಗಳಿಗೆ ಹಣ ಸುರಿಯದೆ, ಕಡಿಮೆಯಾದ ಮೇಲೂ ಮೇಲಿನ ನಿಯಮಗಳನ್ನು ಪಾಲಿಸಿಕೊಂಡು ಬಂದರೆ ಹೊಟ್ಟು ಹತೋಟಿಯಲ್ಲಿರುತ್ತದೆ.